ತಮ್ಮ ತಂದ ಸ್ಲೋ ಕುಕ್ಕರ್: ಅಟ್ಟಕ್ಕೆ ಹಾಕುವುದಾ, ಇಟ್ಟುಕೊಳ್ಳುವುದಾ?

ಟೀಚರಕ್ಕ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಸಣ್ಣ ಸಂಶಯ, ಆದರೆ ಬರೆಯುತ್ತಾ ಉದ್ದ ಆಗಬಹುದು, ಬೈಯಬೇಡಿ.

ನನ್ನ ತಮ್ಮ ದುಬೈಯಿಂದ ಬರುವಾಗ ಒಂದು ಸ್ಲೋ ಕುಕ್ಕರ್ ತಂದಿದ್ದಾನೆ. ಮೂರೂವರೆ ಲೀಟರಿನದ್ದು. ಒಳಗೆ ಕಲ್ಲಿನ ಹಾಗೆ ಭಾರದ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೆ ತಿರುಗಿಸಲಿಕ್ಕೆ ಒಂದೇ ಒಂದು ಗುಂಡಿ. ಲೋ, ಹೈ, ವಾರ್ಮ್, ಮುಗಿಯಿತು. ಅಲ್ಲಿ ಅವನ ರೂಮಿನಲ್ಲಿ ನಾಲ್ಕು ಜನ ಹುಡುಗರು. ಬೆಳಿಗ್ಗೆ ಕೋಳಿ, ನೀರುಳ್ಳಿ, ಮಸಾಲೆ ಎಲ್ಲ ತುಂಬಿಸಿ ಸ್ವಿಚ್ ಹಾಕಿ ಕೆಲಸಕ್ಕೆ ಹೋದರೆ ರಾತ್ರಿ ಬಾಗಿಲು ತೆಗೆಯುವಾಗಲೇ ಪರಿಮಳ ಬರುತ್ತದಂತೆ. (ನಮ್ಮದು ಸಸ್ಯಾಹಾರದ ಮನೆ. ಅಮ್ಮ ಇದನ್ನೆಲ್ಲ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆದೆ.)

ನಾನು ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವವಳು, ಬರುವಾಗ ಐದಾಗುತ್ತದೆ. ಮನೆಯಲ್ಲಿ ಅತ್ತೆ ಇದ್ದಾರೆ, ಎಪ್ಪತ್ತು ದಾಟಿದೆ, ಬೆಳಿಗ್ಗೆ ಅವರಿಗೆ ಕುಚ್ಚಲಕ್ಕಿ ಗಂಜಿಯೇ ಆಗಬೇಕು. ಸೌದೆ ಒಲೆ ಬೇಡ ಅಂತ ಡಾಕ್ಟರು ಹೇಳಿ ಎರಡು ವರ್ಷ ಆಯಿತು. ಪ್ರೆಶರ್ ಕುಕ್ಕರಿನ ಗಂಜಿ ಅವರಿಗೆ ಸೇರುವುದಿಲ್ಲ, "ಅಕ್ಕಿಯನ್ನು ಹೆದರಿಸಿ ಬೇಯಿಸಿದ ಹಾಗೆ" ಅನ್ನುತ್ತಾರೆ. ಹಾಗಂತ ಈ ಹೊಸದನ್ನೂ ನಂಬುವುದಿಲ್ಲ. ಪೆಟ್ಟಿಗೆ ಬಿಚ್ಚಿದ ದಿನವೇ ಕೇಳಿದರು, "ಕೂಗದ ಕುಕ್ಕರ್ ಎಂತ ಕುಕ್ಕರ್?"

ನನ್ನ ಪ್ರಶ್ನೆ ಇಷ್ಟು. ಇದರ ಪಿನ್ನು ಚಪ್ಪಟೆ ಕಾಲಿನದ್ದು, ನಮ್ಮ ಗೋಡೆಗೆ ಹೋಗುವುದಿಲ್ಲ, ಏನು ಮಾಡುವುದು? ಎಂಟು ಗಂಟೆ ಉರಿದರೆ ಕರೆಂಟ್ ಬಿಲ್ಲು ಏನಾಗಬಹುದು? ನಮ್ಮ ಅಡಿಗೆಗೆ ಇದು ಆಗುತ್ತದಾ, ಸುಮ್ನೆ ಜಾಗ ತಿನ್ನುತ್ತದಾ? ಉಪಯೋಗಿಸಿದವರು ಹೇಳಿ.

ವಯರಿಂಗ್ ಅಣ್ಣ, ಉಪ್ಪಳ

ಪಿನ್ನಿಗೆ ಹೆದರಬೇಡಿ ಟೀಚರೇ. ಗಲ್ಫಿನ ಸಾಮಾನೆಲ್ಲ ಆ ಚಪ್ಪಟೆ ಮೂರು ಕಾಲಿನದ್ದೇ, ನಮ್ಮ ಊರಿನಲ್ಲಿ ಅರ್ಧ ಮನೆಯಲ್ಲಿ ಈ ಗೋಳು ಇದೆ. ಅಲ್ಲಿಯ ವೋಲ್ಟೇಜು ನಮ್ಮದರ ಹಾಗೆಯೇ. ಪಿನ್ನು ಕತ್ತರಿಸಿ 6 ಆಂಪಿಯರಿನ ಮೂರು ಪಿನ್ ಪ್ಲಗ್ ಹಾಕಿಸಿ. ಅರ್ತ್ ತಂತಿ ಬಿಡಬೇಡಿ. ಅಡಾಪ್ಟರ್ ಸಿಕ್ಕಿಸಿ ಗಂಟೆಗಟ್ಟಲೆ ಓಡಿಸುವುದು ಬೇಡ, ಸಡಿಲ ಆಗಿ ಬಿಸಿ ಏರುತ್ತದೆ. ಅಮೆರಿಕದಿಂದ ತಂದದ್ದಾದರೆ ಮಾತ್ರ ಹುಷಾರು. ಅದು 120 ವೋಲ್ಟಿನದ್ದು, ನಮ್ಮ 230ಕ್ಕೆ ಹಾಕಿದರೆ ಒಂದೇ ದಿನದ ಬಾಳು.

ಬಿಲ್ಲಿನ ಲೆಕ್ಕ: ಆ ಅಳತೆಯದ್ದು ಸಾಮಾನ್ಯ 200 ವಾಟ್ ಆಸುಪಾಸು ಇರುತ್ತದೆ, ಅಡಿಯಲ್ಲಿ ಬರೆದಿರುತ್ತದೆ, ನೋಡಿ. ಎಂಟು ಗಂಟೆಗೆ 1.6 ಯೂನಿಟ್. ದಿನಾ ಇಟ್ಟರೆ ತಿಂಗಳಿಗೆ 48. ನಮಗೆ ಎರಡು ತಿಂಗಳಿಗೊಮ್ಮೆ ಬಿಲ್ಲು ಅಲ್ವಾ, ಒಟ್ಟಿಗೆ 96 ಸೇರಿದಾಗ ಸ್ಲ್ಯಾಬ್ ದಾಟುತ್ತದಾ ಅಂತ ನೋಡಿಕೊಳ್ಳಿ.

ಗೆರಟೆ ಸೌಟು, ಕುಂಬಳೆ

ಅಕ್ಕಾ, ನನ್ನ ಹತ್ತಿರ ಮೂರು ವರ್ಷದಿಂದ ಇದೆ. ಅಟ್ಟಕ್ಕೆ ಹಾಕಬೇಡಿ. ಆದರೆ ಎಲ್ಲದಕ್ಕೂ ಆಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಗಂಜಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಒಂದು ಕುಡ್ತೆ ಕುಚ್ಚಲಕ್ಕಿ ತೊಳೆದು ಹಾಕಿ, ಏಳು ಕುಡ್ತೆ ಕುದಿಯುವ ನೀರು ಹೊಯ್ಯಿರಿ. ತಣ್ಣೀರಾದರೆ ಬಿಸಿಯಾಗಲಿಕ್ಕೇ ಗಂಟೆಗಟ್ಟಲೆ ಬೇಕು. ರಾತ್ರಿ ಮಲಗುವಾಗ ಲೋದಲ್ಲಿ ಇಡಿ. ಬೆಳಿಗ್ಗೆ ಅಗಳು ಅರಳಿರುತ್ತದೆ, ಒಡೆದು ಹಿಟ್ಟಾಗಿರುವುದಿಲ್ಲ, ಮೇಲೆ ತೆಳಿ ದಪ್ಪಗೆ ನಿಂತಿರುತ್ತದೆ. ಪ್ರೆಶರ್ ಕುಕ್ಕರಿನ ಒಳಗೆ 120 ಡಿಗ್ರಿ ಹತ್ತಿರ ಹೋಗುತ್ತದೆ, ಅಕ್ಕಿ ಕುಣಿದು ಕುಣಿದು ಬೇಯುತ್ತದೆ. ಇದರಲ್ಲಿ ಕುದಿ ಬರುವ ಮೊದಲಿನ ಆ ಸಣ್ಣ ನಡುಕ ಇದೆಯಲ್ಲ, ಅಲ್ಲಿಯೇ ರಾತ್ರಿಯಿಡೀ ನಿಂತಿರುತ್ತದೆ. ಒಲೆಯ ಮೇಲೆ ಮಡಕೆಯಲ್ಲಿ ಬೆಂದ ಹಾಗೆಯೇ ಇರುತ್ತದೆ, ಹೊಗೆಯ ಪರಿಮಳ ಒಂದು ಕಡಿಮೆ.

ಕಾಳು, ಕಡ್ಲೆ, ಹುರುಳಿ ಕೂಡಾ ಆಗುತ್ತದೆ, ನೆನೆಸಿ ಹಾಕಿದರೆ. ಹುಳಿ ಮಾತ್ರ ಕೊನೆಗೆ. ಮೊದಲೇ ಹುಣಸೆ ಬಿದ್ದರೆ ಕಾಳು ಎಷ್ಟು ಗಂಟೆಯಾದರೂ ಗಟ್ಟಿಯೇ. ಪಲ್ಯ, ಒಗ್ಗರಣೆ, ಬೆಂಡೆಕಾಯಿ ಇದ್ಯಾವುದಕ್ಕೂ ಇದು ಅಲ್ಲ. ಬೆಂಡೆಕಾಯಿ ಹಾಕಿ ನೋಡಿದ್ದೇನೆ, ಅದರ ಬಗ್ಗೆ ಮಾತಾಡುವುದು ಬೇಡ.

ಮತ್ತೆ ಮಧ್ಯ ಮಧ್ಯ ಮುಚ್ಚಳ ತೆಗೆಯಬೇಡಿ. ಒಂದು ಸಲ ತೆಗೆದರೆ ಇಳಿದ ಬಿಸಿ ವಾಪಸು ಏರಲಿಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಬಿಸಿ ಪಿಂಗಾಣಿಗೆ ತಣ್ಣೀರು ಹೊಯ್ಯಬೇಡಿ. ನನ್ನ ಮೊದಲನೆಯದು ಹಾಗೆಯೇ ಸಿಂಕಿನಲ್ಲಿ "ಟಕ್" ಅಂತ ಎರಡಾಯಿತು.

ಪೆರ್ಲದ ಅಜ್ಜ

ನೀವೆಲ್ಲ ಏನೋ ಹೊಸ ಸಂಗತಿ ಅಂತ ಮಾತಾಡುತ್ತಿದ್ದೀರಿ. ನಮ್ಮ ಬಚ್ಚಲ ಹಂಡೆಯ ಒಲೆ ಏನು ಹಾಗಾದರೆ? ಅಡಕೆ ಸಿಪ್ಪೆ ತುರುಕಿಟ್ಟರೆ ಉರಿಯುವುದಿಲ್ಲ, ನಂದುವುದೂ ಇಲ್ಲ, ದಿನವಿಡೀ ಹೊಗೆಯಾಡುತ್ತಾ ಇರುತ್ತದೆ. ಅದರ ಬೂದಿಯೊಳಗೆ ಹಲಸಿನ ಬೀಜ, ಗೆಣಸು ಹುಗಿದು ಶಾಲೆಗೆ ಹೋಗುತ್ತಿದ್ದೆವು. ಸಂಜೆ ಬಂದು ಕೋಲಿನಲ್ಲಿ ಕೆದಕಿದರೆ ಸಿಪ್ಪೆ ತಾನಾಗಿಯೇ ಬಿಡುತ್ತಿತ್ತು. ಅದಕ್ಕೆ ಸ್ವಿಚ್ಚೂ ಬೇಡ, ಬಿಲ್ಲೂ ಬೇಡ.

ಅದು ಬೇಡವಾದರೆ ಚೂಡಾರಾಪೆಟ್ಟಿ ಇದೆಯಲ್ಲ. ಕನ್ನಡದಲ್ಲಿ ಹೇಳುವುದಾದರೆ ಬಿಸಿ ಆರದ ಪೆಟ್ಟಿಗೆ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಊರೂರಿಗೆ ಹೇಳಿಕೊಟ್ಟದ್ದು. ಅಕ್ಕಿಯನ್ನು ಹತ್ತು ನಿಮಿಷ ಕುದಿಸಿ, ಪಾತ್ರೆ ಸಮೇತ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರೆ ಆಯಿತು, ಉಳಿದದ್ದನ್ನು ಒಳಗಿನ ಬಿಸಿಯೇ ನೋಡಿಕೊಳ್ಳುತ್ತದೆ. ಈಗ ಅದೇ ಸ್ಟೀಲಿನಲ್ಲಿ ಥರ್ಮಲ್ ಕುಕ್ಕರ್ ಅಂತ ಬರುತ್ತದೆ, ಕಾಸರಗೋಡಿನ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿ ಅನ್ನ ಅದರಲ್ಲಿಯೇ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದಾಗ ನಿಮ್ಮ ಸ್ಲೋ ಕುಕ್ಕರ್ ಏನು ಮಾಡುತ್ತದೆ ಅಂತ ಒಮ್ಮೆ ಹೇಳಿ.

ಗೆರಟೆ ಸೌಟು, ಕುಂಬಳೆ

ಅಜ್ಜಾ, ತಮಾಷೆ ಅಂದರೆ ನೀವು ಹೇಳಿದ್ದೇ ಇದರ ಹುಟ್ಟಿನ ಕತೆ. ಇದನ್ನು ಮಾಡಿದವರು ಅಮೆರಿಕದ ಇರ್ವಿಂಗ್ ನ್ಯಾಕ್ಸನ್, ಯಹೂದಿ ಮನೆಯವರು. ಅವರ ತಾಯಿಯ ಕಡೆಯವರು ಲಿಥುವೇನಿಯಾದವರು. ಯಹೂದಿಗಳಿಗೆ ಶನಿವಾರ ಸಬ್ಬತ್, ಅಂದರೆ ಕೆಲಸ ಮಾಡದ ವಿಶ್ರಾಂತಿಯ ದಿನ, ಒಲೆ ಹಚ್ಚುವ ಹಾಗಿಲ್ಲ. ಅದಕ್ಕೆ ಶುಕ್ರವಾರ ಸಂಜೆಯೇ ಕಾಳು, ಮಾಂಸ ಹಾಕಿದ ಮಡಕೆಯನ್ನು ಊರಿನ ಬೇಕರಿಗೆ ಒಯ್ದು, ಆರುತ್ತಾ ಬಂದ ಗೂಡಿನೊಳಗೆ ಇಟ್ಟು ಬರುತ್ತಿದ್ದರು. ರಾತ್ರಿಯಿಡೀ ಆ ಉಳಿದ ಬಿಸಿಯಲ್ಲೇ ಬೇಯುವುದು. ಚೋಲೆಂಟ್ ಅಂತ ಅದರ ಹೆಸರು. ತಾಯಿ ಹೇಳಿದ ಈ ಸಂಗತಿಯನ್ನೇ ಮಗ ಕರೆಂಟಿಗೆ ಹೊಂದಿಸಿದ. ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಆಗ ಹೆಚ್ಚು ಜನರಿಗೆ ಗೊತ್ತೇ ಆಗಲಿಲ್ಲ. 1970ರಲ್ಲಿ ಇನ್ನೊಂದು ಕಂಪನಿ ಅದನ್ನು ಕೊಂಡು, ಮರುವರ್ಷ ಕ್ರಾಕ್ ಪಾಟ್ ಅಂತ ಹೆಸರಿಟ್ಟು ಮಾರಿತು. ಹೆಂಗಸರು ಹೊರಗೆ ದುಡಿಯಲು ಹೋಗುತ್ತಿದ್ದ ಕಾಲ, ಮನೆ ಮನೆಗೆ ಹೋಯಿತು.

ಐವತ್ತು ವರ್ಷ ಆದ ಮೇಲೂ ಹೆಚ್ಚುಕಡಿಮೆ ಅದೇ ಮೂರು ಸಾಮಾನು: ಬಿಸಿಯಾಗುವ ಗೂಡು, ಮಡಕೆ, ಮುಚ್ಚಳ. ನಾನು ನಂಬುವುದೂ ಅದಕ್ಕೇ. ಕೆಡಲಿಕ್ಕೆ ಒಳಗೆ ಏನೂ ಇಲ್ಲ.

ಕರೆಂಟಿನ ಮಾತು ಮಾತ್ರ ನೀವು ಹೇಳಿದ್ದು ಸರಿ, ಒಪ್ಪಿದೆ. ನಾವು ಮನೆಯಲ್ಲಿ ಇಲ್ಲದಾಗ ಕರೆಂಟ್ ಹೋಗಿ ಬಂದಿದ್ದರೆ ಆ ಅಡಿಗೆ ಚೆಲ್ಲುವುದೇ ಒಳ್ಳೆಯದು. 60 ಡಿಗ್ರಿಗಿಂತ ಕೆಳಗೆ ಎಷ್ಟು ಹೊತ್ತು ಇತ್ತು ಅಂತ ಯಾರಿಗೆ ಗೊತ್ತು? ಜೂನ್, ಜುಲೈ ಎರಡು ತಿಂಗಳು ನಾನು ಹಗಲು ಇಡುವುದಿಲ್ಲ.

ಜೋಳದ ರೊಟ್ಟಿ, ಅಕ್ಕಲಕೋಟ

ನಮಸ್ಕಾರ ರೀ. ನಾನು ಸೋಲಾಪುರ ಜಿಲ್ಲೆಯವನು, ನಿಮ್ಮ ಗಂಜಿ ನನಗೆ ಗೊತ್ತಿಲ್ಲ, ಆದರೆ ಒಂದು ಮಾತು ಹೇಳಲೇಬೇಕು. ಇದರಲ್ಲಿ ರಾಜ್ಮಾ ಹಸಿದನ್ನು ನೇರವಾಗಿ ಹಾಕಬೇಡಿ. ಪುಣೆಯಲ್ಲಿ ಕಲಿಯುವಾಗ ನಮ್ಮ ರೂಮಿನಲ್ಲಿ ಒಂದು ಸ್ಲೋ ಕುಕ್ಕರ್ ಇತ್ತು. ರಾತ್ರಿ ನೆನೆಸಿದ ರಾಜ್ಮಾ ಬೆಳಿಗ್ಗೆ ಲೋದಲ್ಲಿ ಇಟ್ಟು ಹೋದೆವು, ಸಂಜೆ ಸ್ವಲ್ಪ ಗಟ್ಟಿ ಇದ್ದರೂ ಹಸಿವಿಗೆ ಹೊಡೆದೆವು. ಎರಡು ಮೂರು ತಾಸಿನಲ್ಲಿ ಮೂವರಿಗೂ ವಾಂತಿ. ರೂಮಿಗೆ ಇದ್ದದ್ದು ಒಂದೇ ಬಾತ್‌ರೂಮು, ಉಳಿದದ್ದು ನೀವೇ ತಿಳಿದುಕೊಳ್ಳಿ.

ಆಮೇಲೆ ಓದಿ ತಿಳಿಯಿತು, ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅಂತ ಒಂದು ವಿಷ ಇರುತ್ತದೆ. ಚೆನ್ನಾಗಿ ಕುದಿಸಿದರೆ ಹೋಗುತ್ತದೆ. ಕುದಿಯದೆ 80 ಡಿಗ್ರಿ ಹತ್ತಿರ ಬೆಚ್ಚಗೆ ಇಟ್ಟರೆ ಹೋಗುವುದಿರಲಿ, ಹಸಿದಕ್ಕಿಂತ ಜಾಸ್ತಿ ಆಗಬಹುದು. ಅದಕ್ಕೆ ನೆನೆಸಿದ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಒಲೆಯ ಮೇಲೆ ಕೊತಕೊತ ಅಂತ ಕುದಿಸಿ, ನಂತರ ಇದರೊಳಗೆ ಹಾಕಿ. ಹತ್ತು ನಿಮಿಷ ಸಾಕು ಅನ್ನುವವರೂ ಇದ್ದಾರೆ, ನಾನು ಅರ್ಧ ತಾಸು ಬಿಡುತ್ತೇನೆ, ಒಮ್ಮೆ ಅನುಭವಿಸಿದ್ದು ಸಾಕು.

ಹೊಸೂರಿನವಳು

ಮಾಂಸ ತಿನ್ನುವವರಿಗೆ ಒಂದು ಮಾತು. ನಮ್ಮ ಮನೆಯಲ್ಲಿ ಇದು ಇರುವುದೇ ಕಾಲು ಸೂಪಿಗೆ. ಮೇಕೆ ಕಾಲು, ಮೆಣಸು, ಬೆಳ್ಳುಳ್ಳಿ, ನೀರು, ರಾತ್ರಿಯಿಡೀ ಲೋ. ಬೆಳಿಗ್ಗೆ ತುಟಿ ಅಂಟುವಷ್ಟು ಜಿಗುಟು, ಮೂಳೆ ಅಲ್ಲಾಡಿಸಿದರೆ ನರ ತಾನೇ ಬಿಡುತ್ತದೆ. ಗಟ್ಟಿ ಮಾಂಸಕ್ಕೇ ಇದು ಸರಿ. ಎಳೆ ಕೋಳಿ ಎಂಟು ಗಂಟೆ ಇಟ್ಟರೆ ನಾರು ನಾರು. ಫ್ರೀಜರಿನಿಂದ ತೆಗೆದ ಗಡ್ಡೆಯನ್ನು ಹಾಗೆಯೇ ಹಾಕಬೇಡಿ, ಕರಗುವಷ್ಟರಲ್ಲೇ ಹಾಳಾಗುತ್ತದೆ.

ಟೀಚರಕ್ಕ, ಬದಿಯಡ್ಕ

ಎಲ್ಲರಿಗೂ ಥ್ಯಾಂಕ್ಸ್. ಪಿನ್ನು ಬದಲಾಯಿಸಿದೆ. ಈಗ ನನ್ನ ಮೊದಲ ಪ್ರಯೋಗದ ವರದಿ ಕೇಳಿ.

ಗಂಜಿಯಿಂದ ಶುರು ಮಾಡಬೇಕಿತ್ತು, ನಾನು ಶಾಣ್ಯಾತನ ಮಾಡಿ ಭಾನುವಾರ ಕಡ್ಲೆ ಗಸಿ ಇಟ್ಟೆ. ಕಡ್ಲೆ ಚೆನ್ನಾಗಿ ನೆನೆದಿತ್ತು. ಒಲೆಯಲ್ಲಿ ಹೊಯ್ಯುವಷ್ಟೇ ನೀರು ಹೊಯ್ದೆ, ತೆಂಗಿನಕಾಯಿ ಮಸಾಲೆಯನ್ನೂ ಬೆಳಿಗ್ಗೆಯೇ ಕಡೆದು ಒಟ್ಟಿಗೆ ಹಾಕಿದೆ, ಯಾರು ಮತ್ತೆ ಮತ್ತೆ ಏಳುವುದು ಅಂತ. ಸಂಜೆ ಮುಚ್ಚಳ ತೆಗೆದರೆ ಕಡ್ಲೆ ಬೆಣ್ಣೆಯ ಹಾಗೆ ಬೆಂದಿದೆ. ಆದರೆ ಸಾರು ನೀರು ನೀರು, ಕಾಯಿಯ ಎಣ್ಣೆ ಬಿಟ್ಟು ಮೇಲೆ ತೇಲುತ್ತಿದೆ, ಅಡಿಯಲ್ಲಿ ಮಸಾಲೆಯ ಚರಟ ಕೂತಿದೆ. ಅತ್ತೆ ಸೌಟಿನಲ್ಲಿ ಒಮ್ಮೆ ಎತ್ತಿ ನೋಡಿದರು, ವಾಪಸು ಬಿಟ್ಟರು, ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ಗೆರಟೆ ಸೌಟು, ಕುಂಬಳೆ

ಅಯ್ಯೋ ಅಕ್ಕಾ, ಅದನ್ನು ಹೇಳಲು ಮರೆತೆ, ತಪ್ಪು ನನ್ನದು. ಒಲೆಯ ಮೇಲೆ ನೀರು ಆವಿಯಾಗಿ ಹೋಗುತ್ತದೆ, ಇದರಲ್ಲಿ ಹೋಗುವುದಿಲ್ಲ. ಮುಚ್ಚಳದ ಒಳಗೆ ಹನಿ ಕಟ್ಟಿ ಅದೇ ನೀರು ವಾಪಸು ಪಾತ್ರೆಗೆ ಬೀಳುತ್ತದೆ. ತರಕಾರಿ ಬಿಡುವ ನೀರು ಬೇರೆ. ಹಾಗಾಗಿ ಕಡ್ಲೆ ಮುಳುಗಿ ಅದರ ಮೇಲೆ ಒಂದು ಬೆರಳು ನಿಲ್ಲುವಷ್ಟು ಸಾಕು. ಕಾಯಿ ಮಸಾಲೆ, ಕಾಯಿಹಾಲು ಕೊನೆಯ ಅರ್ಧ ಗಂಟೆಗೆ. ನಾನಂತೂ ಬೆಂದ ಕಡ್ಲೆಯನ್ನು ಬಾಣಲೆಗೆ ತೆಗೆದು, ಮಸಾಲೆ ಹಾಕಿ, ಒಲೆಯ ಮೇಲೇ ಒಂದು ಕುದಿ ಬರಿಸಿ ಒಗ್ಗರಣೆ ಕೊಡುತ್ತೇನೆ. ಕಾಯಿ ಕಡೆದು ಹಾಕುವ ಅಡಿಗೆಯನ್ನು ಪೂರ್ತಿ ಇದಕ್ಕೆ ಒಪ್ಪಿಸುವುದು ಆಗದ ಮಾತು. ಬೇಯಿಸುವ ಕೆಲಸ ಅದಕ್ಕೆ, ಅಡಿಗೆ ನಮಗೆ.

ಪೆರ್ಲದ ಅಜ್ಜ

ಚೂಡಾರಾಪೆಟ್ಟಿಯಲ್ಲೂ ಅಷ್ಟೇ, ನೀರು ಕಮ್ಮಿಯೇ ಇಡಬೇಕು. ಬಿಸಿಗೆ ಬೇಸರ ಆಗುವುದಿಲ್ಲ, ನಿಮಗೇ ಅವಸರ.

ಟೀಚರಕ್ಕ, ಬದಿಯಡ್ಕ

ಎರಡು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಕುಂಬಳೆಯವರ ಲೆಕ್ಕದಲ್ಲಿ ಗಂಜಿ ಇಟ್ಟೆ. ಮೊದಲ ದಿನ ಅತ್ತೆ ಎರಡು ಸೌಟು ಹಾಕಿಸಿಕೊಂಡರು, ಮಾವಿನ ಮಿಡಿ ಕಚ್ಚಿಕೊಂಡು ಉಂಡರು, ಮತ್ತೆ ಇನ್ನೊಂದು ಸೌಟು ಕೇಳಿದರು. ಈಗ ರಾತ್ರಿ ಅಕ್ಕಿ ತೊಳೆದು ಗುಂಡಿ ತಿರುಗಿಸುವುದು ಅವರೇ, ನನ್ನನ್ನು ಹತ್ತಿರ ಬಿಡುವುದಿಲ್ಲ.

ಹೊಸ ತಲೆನೋವು ಒಂದು ಉಂಟು. ಮೂರು ಗಂಟೆಗೆ ಎಚ್ಚರ ಆದಾಗ ಎದ್ದು ಹೋಗಿ ಮುಚ್ಚಳ ತೆಗೆದು ನೋಡುತ್ತಾರೆ. ಬೆಂಕಿ ಕಾಣುವುದಿಲ್ಲ, ಶಬ್ದ ಇಲ್ಲ, ನಂಬಿಕೆ ಬರುವುದು ಹೇಗೆ ಅಂತ ಅವರ ಪ್ರಶ್ನೆ. ತೆಗೆಯಬೇಡಿ ಅಂತ ಹೇಗೆ ಹೇಳುವುದು?

ಪೆರ್ಲದ ಅಜ್ಜ

ಗಾಜಿನ ಮುಚ್ಚಳ ಅಲ್ವಾ? ಒಂದು ಟಾರ್ಚ್ ಕೊಡಿ.

ಟೀಚರಕ್ಕ, ಬದಿಯಡ್ಕ

ಕೊಟ್ಟು ನೋಡಿದೆ ಅಜ್ಜಾ. ಒಳಗೆ ಹನಿ ಕಟ್ಟಿ ಏನೂ ಕಾಣುವುದಿಲ್ಲ.

ಪೆರ್ಲದ ಅಜ್ಜ

ಹಾಗಾದರೆ ತೆಗೆದು ನೋಡಲಿ ಬಿಡಿ ಮಾರಾಯ್ರೆ. ಗಂಜಿ ಅರ್ಧ ಗಂಟೆ ತಡ ಆದರೆ ಯಾರ ಗಂಟು ಹೋಗುತ್ತದೆ?