ದಾರ ಹಾಕಿದ್ದು ಒಬ್ಬರು, ಹಾರಿದ್ದು ಇನ್ನೊಬ್ಬರು: ನಮ್ಮನೆ ಗುಂಪಿನ ಜಗಳ

2025ರ ಆಗಸ್ಟ್. ನಮ್ಮನೆಯವರ ವಾಟ್ಸಾಪ್ ಗುಂಪಿನಲ್ಲಿ ತಮ್ಮ ಚೇತು ಒಂದು ಸುದ್ದಿ ಹಾಕಿದ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಬೆಟ್ಟದ ಇಳಿಜಾರಿನಲ್ಲಿ ಜಾರಿ ಬಂದು ದೂರಕ್ಕೆ ಹಾರೋ ಆಟ ಇದೆಯಲ್ಲ, ಸ್ಕೀ ಜಂಪಿಂಗ್, ಅದರ ಇಬ್ಬರು ನಾರ್ವೆ ಆಟಗಾರರ ಸುದ್ದಿ. ಅವನಿರೋದು ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ. ದೊಡ್ಡಪ್ಪ ನಿವೃತ್ತ ಗಣಿತದ ಮೇಷ್ಟ್ರು, ಟಿವಿಯಲ್ಲಿ ಬರೋ ಯಾವ ಆಟವನ್ನೂ ಬಿಡೋರಲ್ಲ. ಅನು ಅವರ ಮಗಳು, ವಕೀಲೆ. ಸುಮತ್ತೆಯದು ಹಾಸನದಲ್ಲಿ ಟೈಲರಿಂಗ್ ಅಂಗಡಿ. ರಘು ಮಾವ ಅತ್ತೆಯ ಗಂಡ, ಗುಂಪಿನಲ್ಲಿ ಅವರ ಕೆಲಸ ಎಲ್ಲರನ್ನೂ ಕೆಣಕೋದು. ನಡುವೆ ಬಂದ ಹೂವು, ಕೈಮುಗಿಯೋ ಚಿತ್ರ ಎಲ್ಲಾ ತೆಗೆದು ಉಳಿದದ್ದನ್ನ ಇಲ್ಲಿ ಹಾಕಿದ್ದೇನೆ.

ಚೇತು: ಲಿಂಡ್‌ವಿಕ್, ಫೊರ್‌ಫಾಂಗ್ ಇಬ್ಬರಿಗೂ ಮೂರು ತಿಂಗಳು ಅಮಾನತು. ಮಾರ್ಚ್‌ನಲ್ಲಿ ಹೇಳಿದ್ನಲ್ಲ, ಸ್ಕೀ ಜಂಪಿಂಗ್ ಸೂಟಿನ ಹಗರಣ, ಅದೇ. ತಾತ್ಕಾಲಿಕ ಅಮಾನತಲ್ಲಿ ಕಳೆದ ದಿನಗಳೂ ಲೆಕ್ಕಕ್ಕೆ ಬರುತ್ತೆ. ಚಳಿಗಾಲಕ್ಕೆ ಇಬ್ಬರೂ ಹಾರಬಹುದು.

ರಘು ಮಾವ: ಯಾರಪ್ಪಾ ಇವರು? ನಮ್ಮ ಕಡೆ ಸಂಬಂಧವಾ?

ದೊಡ್ಡಪ್ಪ: ಮೂರು ತಿಂಗಳು! ಅದೂ ಕಳೆದುಹೋದ ಮೂರು ತಿಂಗಳು! ಹಿಮ ಕರಗಿದ ಮೇಲೆ ಹಿಮದಾಟ ಆಡಬೇಡ ಅನ್ನೋದು ಶಿಕ್ಷೆಯೇನೋ ಚೇತು?

ಚೇತು: ಬೇಸಿಗೆಯಲ್ಲೂ ಹಾರ್ತಾರೆ ದೊಡ್ಡಪ್ಪ, ಪ್ಲಾಸ್ಟಿಕ್ ಹಾಸಿನ ಮೇಲೆ ನೀರು ಬಿಟ್ಟು. ಆದರೆ ನೀವು ಹೇಳೋದೂ ಸರಿ, ಯಾರೂ ಅದನ್ನ ದೊಡ್ಡ ನಷ್ಟ ಅಂತ ಲೆಕ್ಕಕ್ಕೆ ಇಡಲ್ಲ. ಜೊತೆಗೆ ತಲಾ 2,000 ಸ್ವಿಸ್ ಫ್ರಾಂಕ್ ದಂಡ ಇದೆ.

ಸುಮತ್ತೆ: ಏನು ಮಾಡಿದ್ರೋ ಅವರು? ನಂಗೆ ತಿಳಿಯೋ ಹಾಗೆ ಹೇಳು. ಸೂಟು ಅಂದ್ಯಲ್ಲ.

ಚೇತು: ಮಾರ್ಚ್ 8, ಶನಿವಾರ. ಇಲ್ಲಿನ ಗ್ರಾನೋಸೆನ್ ಬೆಟ್ಟದಲ್ಲಿ ವಿಶ್ವ ಚಾಂಪಿಯನ್‌ಷಿಪ್, ಗಂಡಸರ ವೈಯಕ್ತಿಕ ಲಾರ್ಜ್ ಹಿಲ್, ಅಂದ್ರೆ ದೊಡ್ಡ ಬೆಟ್ಟದ ಸ್ಪರ್ಧೆ. ಸ್ಲೊವೇನಿಯಾದ ಡೊಮೆನ್ ಪ್ರೆವ್ಟ್ಸ್ ಮೊದಲು, ನಮ್ಮೂರ, ಅಂದ್ರೆ ನಾರ್ವೆಯ, ಲಿಂಡ್‌ವಿಕ್ ಎರಡನೇದು. ಸ್ಪರ್ಧೆ ಮುಗಿಯೋ ಹೊತ್ತಿಗೆ ಒಂದು ವೀಡಿಯೋ ಎಲ್ಲಾ ಕಡೆ ಹರಿದಾಡ್ತಿತ್ತು. ಪರದೆ ಸಂದಿಯಿಂದ ಯಾರೋ ಕದ್ದು ತೆಗೆದಿದ್ದು. ನಾರ್ವೆ ತಂಡದವರು ಹೊಲಿಗೆ ಮಷಿನ್ ಇಟ್ಕೊಂಡು ಸೂಟ್‌ಗಳನ್ನ ತಿದ್ದುತ್ತಾ ಇದ್ದಾರೆ, ಮುಖ್ಯ ಕೋಚ್ ಬ್ರೆವಿಗ್ ಅಲ್ಲೇ ಇದ್ದಾರೆ. ಬೇರೆ ದೇಶದವರು ದೂರು ಕೊಟ್ಟರು. ಮೇಲಿಂದ ನೋಡಿದ್ರೆ ಏನೂ ಕಾಣಲಿಲ್ಲವಂತೆ. ಹೊಲಿಗೆ ಬಿಚ್ಚಿ ನೋಡಿದಾಗ ಒಳಗೆ ಗಡುಸಾದ ದಾರ. ಲಿಂಡ್‌ವಿಕ್, ಫೊರ್‌ಫಾಂಗ್ ಇಬ್ಬರೂ ಅನರ್ಹ. ಆಸ್ಟ್ರಿಯಾದ ಯಾನ್ ಹೋರ್ಲ್‌ಗೆ ಬೆಳ್ಳಿ, ಜಪಾನಿನ ಕೊಬಯಾಶಿಗೆ ಕಂಚು.

ರಘು ಮಾವ: ಒಂದು ದಾರಕ್ಕೆ ಇಷ್ಟೊಂದು ರಾದ್ಧಾಂತವಾ. ದೂರ ಹಾರಿದವನು ಗೆದ್ದ, ಅಷ್ಟೇ ತಾನೆ?

ಚೇತು: ಅಷ್ಟೇ ಅಲ್ಲ ಮಾವ. ಪ್ರತಿ ಬೆಟ್ಟಕ್ಕೂ ಒಂದು ಗುರುತಿನ ಗೆರೆ ಇರುತ್ತೆ, ಕೆ ಪಾಯಿಂಟ್ ಅಂತಾರೆ. ಅಲ್ಲಿ ಇಳಿದರೆ 60 ಅಂಕ. ಲಾರ್ಜ್ ಹಿಲ್‌ನಲ್ಲಿ ಅದರಿಂದ ಮುಂದಕ್ಕೆ ಮೀಟರಿಗೆ 1.8 ಕೂಡ್ತಾರೆ, ಹಿಂದಾದರೆ ಕಳೀತಾರೆ. ಐದು ಜನ ತೀರ್ಪುಗಾರರು ಶೈಲಿಗೆ ತಲಾ 20ರವರೆಗೆ ಕೊಡ್ತಾರೆ, ಅದರಲ್ಲಿ ಅತಿ ಹೆಚ್ಚಿನದು, ಅತಿ ಕಮ್ಮಿದು ಬಿಟ್ಟು ಉಳಿದ ಮೂರನ್ನ ಕೂಡಿಸ್ತಾರೆ. ಮೇಲಿಂದ ಗಾಳಿಯ ಲೆಕ್ಕ, ಎಷ್ಟು ಎತ್ತರದಿಂದ ಜಾರಿ ಬಂದ ಅನ್ನೋ ಲೆಕ್ಕ.

ದೊಡ್ಡಪ್ಪ: ಈ ಲೆಕ್ಕದಲ್ಲೇ ನಾರ್ವೆಯವರದು ಒಂದು ಹಳೇ ಕಥೆ ಇದೆ. 1924, ಶಾಮೊನಿ, ಮೊಟ್ಟಮೊದಲ ಚಳಿಗಾಲದ ಒಲಿಂಪಿಕ್ಸ್. ಕಂಚು ನಾರ್ವೆಯ ಥೊರ್ಲೀಫ್ ಹೌಗ್‌ಗೆ ಅಂತ ಘೋಷಿಸಿದ್ರು. ನಾಲ್ಕನೇ ಜಾಗ ಆಂಡರ್ಸ್ ಹೌಗೆನ್‌ಗೆ. ಇವನೂ ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. ಅಂಕ ಕೂಡಿಸೋದ್ರಲ್ಲಿ ತಪ್ಪಾಗಿತ್ತು. ಐವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ. 1974ರಲ್ಲಿ ತಪ್ಪು ಹೊರಬಿತ್ತು. ಹೌಗ್ ಆಗಲೇ ಇರಲಿಲ್ಲ, ಮಗಳು ತಂದೆಯ ಪದಕವನ್ನ ಹೌಗೆನ್ ಕೈಗೆ ಕೊಟ್ಟಳು. ಅವನಿಗೆ ಆಗ 85 ದಾಟಿತ್ತು. ಇದು ಕಣ್ರೋ ಮರ್ಯಾದೆ! ಲಿಂಡ್‌ವಿಕ್ ಹತ್ರ ಅದೇ ಚಾಂಪಿಯನ್‌ಷಿಪ್ಪಿನ ಇನ್ನೊಂದು ಚಿನ್ನ ಇದೆ. ಅದನ್ಯಾಕೆ ಇನ್ನೂ ಇಟ್ಕೊಂಡಿದ್ದಾನೆ?

ಚೇತು: ಹೌದು, ಮಾರ್ಚ್ 2ರ ನಾರ್ಮಲ್ ಹಿಲ್, ಅಂದ್ರೆ ಚಿಕ್ಕ ಬೆಟ್ಟದ ಸ್ಪರ್ಧೆ. ಅದು ಅವನದೇ. ಆ ಫಲಿತಾಂಶ ಬದಲಾಗಿಲ್ಲ.

ಅನು: ಅಪ್ಪ, 1924ರದು ಬೇರೆ, ಇದು ಬೇರೆ. ಅಲ್ಲಿ ಅಂಕದ ಹಾಳೆ ಕಣ್ಣೆದುರಿಗಿತ್ತು, ಯಾರು ಬೇಕಾದ್ರೂ ಮತ್ತೆ ಕೂಡಿ ನೋಡಬಹುದಿತ್ತು. ನಾರ್ಮಲ್ ಹಿಲ್ ದಿನ ಅವನು ತೊಟ್ಟ ಸೂಟಿನಲ್ಲಿ ದಾರ ಇತ್ತು ಅನ್ನೋಕೆ ನಿಮ್ಮ ಹತ್ರ ಏನಿದೆ?

ದೊಡ್ಡಪ್ಪ: ಆರು ದಿನದ ಹಿಂದೆ ಸತ್ಯಹರಿಶ್ಚಂದ್ರ ಆಗಿದ್ದನಾ?

ಅನು: ಅನುಮಾನ ಪಡಿ, ಬೇಡ ಅನ್ನಲ್ಲ. ಅನುಮಾನದ ಮೇಲೆ ಪದಕ ಕಿತ್ತುಕೊಳ್ಳೋಕಾಗಲ್ಲ.

ನಾನು: ಚೇತು, ದಾರದಿಂದ ಏನು ಪ್ರಯೋಜನ ಅನ್ನೋದೇ ನಂಗಿನ್ನೂ ತಿಳೀಲಿಲ್ಲ.

ಚೇತು: ಅಕ್ಕ, ಅವರು ನೆಗೆಯೋ ಹೊತ್ತಿಗೆ ವೇಗ ಗಂಟೆಗೆ ಹತ್ತಿರ ಹತ್ತಿರ 90 ಕಿ.ಮೀ. ಆಮೇಲೆ ಐದಾರು ಸೆಕೆಂಡು ಗಾಳಿಯಲ್ಲಿ. ಕಾಲು ಅಗಲಿಸಿ, ಸ್ಕೀಗಳನ್ನ ವಿ ಆಕಾರ ಮಾಡಿ, ಮೈ ಪೂರ್ತಿ ಮುಂದಕ್ಕೆ ಚಾಚಿ ಮಲಗಿರ್ತಾರೆ. ಆಗ ಎರಡು ತೊಡೆ ನಡುವಿನ ಬಟ್ಟೆ ಬಿಗಿಯಾಗಿ ಹರಡಿಕೊಂಡಿದ್ರೆ ಗಾಳಿ ಅದಕ್ಕೆ ತಾಗಿ ಮೇಲೆತ್ತುತ್ತೆ. ಹಾಯಿಪಟದ ಹಾಗೆ. ಬಟ್ಟೆ ಜೋತುಬಿದ್ರೆ ಅದು ಆಗಲ್ಲ. ಗಡುಸು ದಾರ ಬಟ್ಟೆಯನ್ನ ಹಾಗೇ ಹಿಡಿದಿಡುತ್ತೆ. ಅದಕ್ಕೇ ಬಟ್ಟೆ ಎಷ್ಟು ದಪ್ಪ, ಮೈಗಿಂತ ಎಷ್ಟು ಸೆಂಟಿಮೀಟರ್ ಸಡಿಲ, ಅದರೊಳಗಿಂದ ಎಷ್ಟು ಗಾಳಿ ಹಾಯಬೇಕು, ಎಲ್ಲಕ್ಕೂ ನಿಯಮ ಇರೋದು. ಚದರ ಮೀಟರಿಗೆ ಸೆಕೆಂಡಿಗೆ ಕನಿಷ್ಠ 40 ಲೀಟರ್ ಗಾಳಿ ಹಾದುಹೋಗಬೇಕು.

ಸುಮತ್ತೆ: (ವಾಯ್ಸ್ ಮೆಸೇಜ್. ಹಿಂದೆ ಮಷಿನ್ ಸದ್ದು ಕೇಳ್ತಿತ್ತು, ಬರೆದುಕೊಂಡಿದ್ದು ನಾನು.) ಈಗ ಅರ್ಥ ಆಯ್ತು. ಪ್ಯಾಂಟಿನ ಸೀಟಿನ ಹತ್ರ ಸ್ವಲ್ಪ ಕೆಳಗೆ ಇಳಿಸಿ ಒಳಗೆ ಗಟ್ಟಿ ದಾರ ಕೊಟ್ಟರೆ ಬಟ್ಟೆ ಕುಗ್ಗಲ್ಲ, ನಿಂತ ಹಾಗೇ ನಿಲ್ಲುತ್ತೆ. ಮೇಲಿಂದ ಇಸ್ತ್ರಿ ಹೊಡೆದ್ರೆ ಎಂಥವರಿಗೂ ಕಾಣಲ್ಲ, ಅಧಿಕಾರಿಗಳದು ತಪ್ಪು ಅನ್ನಲ್ಲ ನಾನು. ಆದರೆ ಹಾಕ್ಕೊಂಡವನಿಗೆ ಗೊತ್ತಾಗಲಿಲ್ಲ ಅಂದ್ರೆ ಒಪ್ಪಲ್ಲ. ನಮ್ಮಲ್ಲಿ ಅರ್ಧ ಇಂಚು ಸೈಡ್ ಬಿಟ್ಟುಕೊಟ್ಟರೆ, ಹಾಕ್ಕೊಂಡ ತಕ್ಷಣ "ಇದೇನು ಬೇರೆ ಥರಾ ಇದೆ" ಅಂತ ವಾಪಸ್ ತರ್ತಾರೆ. ಇವರು ಬಟ್ಟೆಯನ್ನೇ ನಂಬಿ ಬೆಟ್ಟದಿಂದ ಹಾರೋರು!

ಚೇತು: ಅತ್ತೆ, ತನಿಖೆಯವರು ಆಟಗಾರರಿಗೆ ಗೊತ್ತಿತ್ತು ಅಂತ ಹೇಳಿಲ್ಲ. ಗೊತ್ತಿರಲಿಲ್ಲ, ಆದರೆ ರಾತ್ರಿ ಸೂಟ್ ತಿದ್ದಿದ್ದರ ಬಗ್ಗೆ ಕೇಳಬೇಕಿತ್ತು, ನೋಡಿಕೊಳ್ಳಬೇಕಿತ್ತು ಅಂತ ಹೇಳಿದ್ದಾರೆ. ಅದಕ್ಕೇ ಮೂರೇ ತಿಂಗಳು. ಮೊದಲು ಅಮಾನತಾದವರು ಐದು ಜನ, ಉಳಿದ ಮೂವರನ್ನ ಬಿಟ್ಟುಬಿಟ್ರು. ಕೋಚ್‌ಗಳ ಮೇಲಿನ ಪ್ರಕರಣ ಬೇರೆ, ಅದು ಇನ್ನೂ ನಡೀತಿದೆ.

ಸುಮತ್ತೆ: ಅವರು ಏನಾದ್ರೂ ಹೇಳಿಕೊಳ್ಳಲಿ. ನಾನು 30 ವರ್ಷದಿಂದ ಅಳತೆ ತಗೋತಾ ಇದ್ದೀನಿ.

ರಘು ಮಾವ: ನಂಗೂ ಒಂದು ಪ್ಯಾಂಟ್ ಹೊಲಿದುಕೊಟ್ಟಿದ್ಲು. ಹಾರೋಕಂತೂ ಆಗ್ಲಿಲ್ಲ.

ಸುಮತ್ತೆ: ನಿಮ್ಮ ಹೊಟ್ಟೆ ಹಾರಿಸೋಕೆ ದಾರ ಸಾಲದು.

ಚೇತು: ನನ್ನ ವಾದ ಬೇರೆ. ಈ ಆಟದ ಇತಿಹಾಸ ಪೂರ್ತಿ ಹೀಗೇ ಇದೆ. ಸ್ವೀಡನ್ನಿನ ಯಾನ್ ಬೊಕ್ಲೊವ್ ಸ್ಕೀಗಳನ್ನ ವಿ ಆಕಾರ ಮಾಡಿ ಹಾರೋಕೆ ಶುರು ಮಾಡಿದಾಗ ತೀರ್ಪುಗಾರರು ಅಸಹ್ಯ ಅಂತ ಶೈಲಿ ಅಂಕ ಕಡಿದ್ರು. ಆದ್ರೂ 1988-89ರ ವಿಶ್ವಕಪ್ ಅವನದೇ. ಇವತ್ತು ಎಲ್ಲರೂ ಹಾರೋದು ಹಾಗೇ. 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಸ್ವಿಟ್ಜರ್ಲೆಂಡಿನ ಸಿಮೊನ್ ಅಮ್ಮಾನ್ ಬೂಟು-ಸ್ಕೀ ಜೋಡಿಸೋ ಕಡ್ಡಿಯನ್ನ ಬಗ್ಗಿಸಿಕೊಂಡು ಬಂದ. ಆಸ್ಟ್ರಿಯಾದವರು ಕೂಗಾಡಿದ್ರು. ಎರಡೂ ವೈಯಕ್ತಿಕ ಚಿನ್ನ ಅವನೇ ತಗೊಂಡು ಹೋದ. ಅದು ಜಾಣತನ, ಇದು ಕಳ್ಳತನ ಅಂತ ಗೆರೆ ಎಳೆಯೋದು ಎಲ್ಲಿ?

ಅನು: ಬಹಳ ಸುಲಭ ಚೇತಣ್ಣ. ಬಗ್ಗಿದ ಕಡ್ಡಿಯನ್ನ ಅಮ್ಮಾನ್ ಬಚ್ಚಿಟ್ಟಿರಲಿಲ್ಲ. ಎಲ್ಲರಿಗೂ ಕಾಣ್ತಿತ್ತು, ನೋಡಿದ ಮೇಲೇ ಬಿಟ್ಟರು. ಬೊಕ್ಲೊವ್ ಹಾರಿದ್ದೂ ಸಾವಿರಾರು ಜನರ ಎದುರಿಗೆ. ಈ ಸೂಟ್‌ಗಳಿಗೆ ತಪಾಸಣೆ ಮಾಡಿ ಚಿಪ್ ಹಾಕಿದ್ರಲ್ವಾ?

ಚೇತು: ಹೌದು, ಒಪ್ಪಿಗೆಯಾದ ಸೂಟಿಗೆ ಚಿಪ್ ಇತ್ತು.

ಅನು: ಅದೇ ನೋಡು. ಮೊಹರು ಬಿದ್ದ ಮೇಲೆ ರಾತ್ರಿ ಪರದೆ ಹಿಂದೆ ಬಿಚ್ಚಿ ಹೊಲಿದ್ರು. ದಾರ ಅಪರಾಧ ಅಲ್ಲ, ಮೊಹರಿನ ಕೆಳಗೆ ಕೈ ಹಾಕಿದ್ದು ಅಪರಾಧ. ನೋಂದಣಿ ಆದ ಕ್ರಯಪತ್ರದ ನಡುವಿನ ಹಾಳೆ ಬದಲಿಸಿದ್ರೆ ನಾನು ಅದನ್ನ ಜಾಣತನ ಅನ್ನಲಾ?

ದೊಡ್ಡಪ್ಪ: ಭೇಷ್. ಈಗ ನೀನೇ ಹೇಳು, ಅಂಥವನ ಹಳೇ ಕ್ರಯಪತ್ರಗಳನ್ನೂ ತೆಗೆಸಿ ನೋಡ್ತೀಯೋ ಇಲ್ವೋ?

ಅನು: ತೆಗೆಸಿ ನೋಡ್ತೀನಿ. ನೋಡದೆ ರದ್ದು ಮಾಡಲ್ಲ.

ನಾನು: ಸೂಟಿನ ವಿಷಯದಲ್ಲಿ ಅಧಿಕಾರಿಗಳು ಇಷ್ಟು ಕಠಿಣ ಆಗಿದ್ದು ಇದೇ ಮೊದಲಾ? 2022ರಲ್ಲಿ ಹೆಂಗಸರನ್ನ ಹೊರಗೆ ಹಾಕಿದ್ದು ಓದಿದ ನೆನಪು.

ಚೇತು: ಸರಿಯಾಗಿ ಕೇಳಿದೆ ಅಕ್ಕ. ಬೀಜಿಂಗ್ ಒಲಿಂಪಿಕ್ಸ್, ಮಿಶ್ರ ತಂಡದ ಸ್ಪರ್ಧೆ. ಒಂದೇ ಸಂಜೆ ಐದು ಜನ ಹೆಂಗಸರು ಅನರ್ಹ, ಸೂಟ್ ಅಳತೆ ಮೀರಿದೆ ಅಂತ. ಅದರಲ್ಲಿ ಇಬ್ಬರು ನಾರ್ವೆಯವರೇ. ಜಪಾನಿನ ಸಾರಾ ತಕನಾಶಿ ಕಣ್ಣೀರು ಹಾಕಿ, ಆಮೇಲೆ ದೇಶದ ಕ್ಷಮೆ ಕೇಳಿದ್ಲು. ಅಲ್ಲಿ ಗುಪ್ತವಾಗಿ ಹೊಲಿದಿದ್ದಾರೆ ಅಂತ ಯಾರ ಮೇಲೂ ಆರೋಪ ಇರಲಿಲ್ಲ, ಬರೀ ಸಡಿಲ.

ಸುಮತ್ತೆ: ಪಾಪ. ಹೊಲಿದವರು ಯಾರೋ, ಅತ್ತವಳು ಅವಳು.

ದೊಡ್ಡಪ್ಪ: ನೋಡಿದ್ಯಾ? ಸಡಿಲ ಇದ್ದ ಹುಡುಗಿ ಅತ್ತು ಕ್ಷಮೆ ಕೇಳಿದ್ಲು. ದಾರ ಇದ್ದವನು ಚಿನ್ನ ಇಟ್ಕೊಂಡು ಕೂತಿದ್ದಾನೆ. ಚೇತು, ನೀನು ಅವರ ಊರಲ್ಲಿದ್ದೀಯ ಅಂತ ಅವರ ಪರ ಮಾತಾಡಬೇಡ.

ಚೇತು: ಪರ ಅಲ್ಲ ದೊಡ್ಡಪ್ಪ. ಇಲ್ಲಿಯವರಿಗೇ ಹೆಚ್ಚು ಸಿಟ್ಟು. ಸ್ಕೀ ನಮ್ಮದು, ನಾವೇ ಜಗತ್ತಿಗೆ ಕಲಿಸಿದ್ದು ಅನ್ನೋ ಜನ ಇವರು. ಇಳಿಯುವಾಗ ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸ್ತಾರಲ್ಲ, ಟೆಲೆಮಾರ್ಕ್ ಅಂತಾರೆ, ಅದು ಇಲ್ಲಿನ ಒಂದು ಸೀಮೆಯ ಹೆಸರು. ಸ್ವಂತ ಊರಿನ ಚಾಂಪಿಯನ್‌ಷಿಪ್, ಸ್ವಂತ ಜನರ ಎದುರು ಹೀಗಾಯ್ತಲ್ಲ ಅಂತ ನನ್ನ ಜೊತೆ ಕೆಲಸ ಮಾಡೋರು ಎಷ್ಟೋ ದಿನ ಆ ವಿಷಯ ಎತ್ತಿದ್ರೆ ಮಾತೇ ಬದಲಿಸ್ತಿದ್ರು.

ರಘು ಮಾವ: ಅಲ್ಲಪ್ಪಾ, ವೀಡಿಯೋ ತೆಗೆದವರಿಗೆ ಏನು ಬಹುಮಾನ ಕೊಟ್ಟರು? ಅವರೇ ನಿಜವಾದ ಚಾಂಪಿಯನ್ನು.

ಅನು: ಮಾವ ಇವತ್ತು ಮೊದಲ ಸಲ ಸರಿಯಾದ ಮಾತಾಡಿದ್ರು. ಅಧಿಕಾರಿಗಳು ಹಿಡಿದಿದ್ದಲ್ಲ ಇದು. ಚಿಪ್, ಅಳತೆ, ತಪಾಸಣೆ ಎಲ್ಲಾ ದಾಟಿ ಹೋಗಿತ್ತು. ಪರದೆ ಸಂದಿಯಲ್ಲಿ ಒಂದು ಫೋನ್ ಇಲ್ಲದಿದ್ರೆ ಬೆಳ್ಳಿ ಇವತ್ತಿಗೂ ಲಿಂಡ್‌ವಿಕ್ ಮನೆಯಲ್ಲೇ.

ದೊಡ್ಡಪ್ಪ: ಅದನ್ನೇ ನಾನು ಮೊದಲಿಂದ ಹೇಳ್ತಿರೋದು! 2ನೇ ತಾರೀಖು ಆ ಫೋನ್ ಇರಲಿಲ್ಲ, ಅಷ್ಟೇ.

ಅನು: ಅಪ್ಪ, ಮತ್ತೆ ಅಲ್ಲಿಗೇ ಬಂದ್ರಿ.

ಸುಮತ್ತೆ: ಅಣ್ಣ, ನಾನು ನಿನ್ನ ಕಡೆಯೂ ಅಲ್ಲ, ಅನು ಕಡೆಯೂ ಅಲ್ಲ. ಹುಡುಗನಿಗೆ ಗೊತ್ತಿತ್ತು ಅನ್ನೋದು ನನ್ನ ಲೆಕ್ಕ. ಮೂರು ತಿಂಗಳು ಏನಕ್ಕೂ ಸಾಲದು, ಒಂದು ಪೂರ್ತಿ ಚಳಿಗಾಲ ಮನೆಯಲ್ಲಿ ಕೂರಿಸಬೇಕಿತ್ತು. ಆದರೆ ಹೊಲಿಗೆ ಬಿಚ್ಚದೆ ಒಳಗೆ ಇಂಥದ್ದಿದೆ ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳೋದೂ ಇಲ್ಲ. ಚಿನ್ನದ ಮಾತು ಬಿಡು.

ದೊಡ್ಡಪ್ಪ: ಸುಮಾ, ನೀನೇ ಹೀಗಂದ್ರೆ ಹೇಗೆ.

ಚೇತು: ಡೊಮೆನ್‌ನ ಮಾತೇ ಯಾರೂ ಎತ್ತಲಿಲ್ಲ ನೋಡಿ. ಈ ಗಲಾಟೆಯಲ್ಲಿ ಗೆದ್ದವನ ಹೆಸರೇ ಮರೆತುಹೋಯ್ತು. ಅದೇ ತಿಂಗಳ ಕೊನೆಗೆ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ 254.5 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ. ತಂಗಿ ನಿಕಾ ಅದೇ ತಿಂಗಳು ಹೆಂಗಸರ ದಾಖಲೆ ಮಾಡಿದ್ಲು, 236.

ರಘು ಮಾವ: ಅಣ್ಣ ತಂಗಿ ಇಬ್ಬರೂ ದಾಖಲೆ. ನಮ್ಮಲ್ಲಿ ಅಣ್ಣ ತಂಗಿ ಬೆಳಗಿಂದ ಜಗಳ.

ದೊಡ್ಡಪ್ಪ: ಭಾವ, ಸುಮ್ನಿರಿ.

ಸುಮತ್ತೆ: ಚೇತು, ಆ ಬಿಚ್ಚಿದ ಹೊಲಿಗೆಯ ಫೋಟೋ ಎಲ್ಲಾದ್ರೂ ಸಿಕ್ಕರೆ ಹಾಕು. ದಾರ ಮಷಿನ್‌ನಲ್ಲಿ ಕೊಟ್ಟಿದ್ದೋ ಕೈಹೊಲಿಗೆಯೋ ನೋಡಬೇಕು. ಕೈಹೊಲಿಗೆ ಆಗಿದ್ರೆ ಮೈಗೆ ತಗಲದೆ ಇರಲ್ಲ.

ಚೇತು: ಹುಡುಕ್ತೀನಿ ಅತ್ತೆ.

ದೊಡ್ಡಪ್ಪ: ಹುಡುಕೋದಾದ್ರೆ 2ನೇ ತಾರೀಖಿನ ಸೂಟಿಂದೂ ಹುಡುಕು.