ಎತ್ತರದ ಪಿಕಪ್‌ನ ಗಾಜು, ಚಕ್ರ ಮನೆಯಲ್ಲೇ ತೊಳೆಯೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಸಕಲೇಶಪುರ ಕಡೆಯಿಂದ

ನಮ್ಮದು ಸಣ್ಣ ಕಾಫಿ ತೋಟ. ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಇಸುಜು ವಿ-ಕ್ರಾಸ್ ತೆಗೆದುಕೊಂಡೆವು. ಗಾಡಿ ಚೆನ್ನಾಗಿದೆ. ಆದರೆ ನಾನು ಐದಡಿ ಒಂದಿಂಚು. ಮುಂದಿನ ಗಾಜಿನ ನಡುವಿಗೆ ಕೈ ಎಟಕುವುದೇ ಇಲ್ಲ. ಚಕ್ರದೊಳಗೆ ಕೆಮ್ಮಣ್ಣು ಒಣಗಿ ಇಟ್ಟಿಗೆಯಾಗಿದೆ. ಪೇಟೆಗೆ ಹೋಗಿ ವಾಟರ್ ಸರ್ವಿಸ್ ಮಾಡಿಸಿಕೊಂಡು ತೋಟದ ಗೇಟು ತಲುಪುವಷ್ಟರಲ್ಲಿ ಮತ್ತೆ ಅದೇ ಅವತಾರ. ಮನೆಯಲ್ಲೇ ತೊಳೆಯುವವರು ಏನು ಮಾಡುತ್ತೀರಿ?

ಮೂಡಿಗೆರೆಯಿಂದ

ಅಕ್ಕಾ, ನಾನು ಐದೂವರೆ ಅಡಿ ಇದ್ದೇನೆ, ನನಗೂ ಎಟಕುವುದಿಲ್ಲ. ಈ ಗಾಡಿಗಳೆಲ್ಲ ಹೆಚ್ಚುಕಡಿಮೆ ಆರಡಿ ಎತ್ತರ. ಏಳು ವರ್ಷದಿಂದ ತೋಟದ ದಾರಿಯಲ್ಲಿ ಇಂಥದ್ದನ್ನೇ ಓಡಿಸುತ್ತಿದ್ದೇನೆ. ನಾನು ಮಾಡಿದ ತಪ್ಪುಗಳನ್ನೇ ಮೊದಲು ಹೇಳಿಬಿಡುತ್ತೇನೆ.

ಟೈರ್ ಮೇಲೆ ಕಾಲಿಟ್ಟು ಹತ್ತಬೇಡಿ. ಎಲ್ಲರೂ ಹಾಗೇ ಹತ್ತುತ್ತಾರೆ, ನಾನೂ ಹತ್ತುತ್ತಿದ್ದೆ. ಒಂದು ಸಲ ಸೋಪು ನೀರಿಗೆ ಹವಾಯಿ ಚಪ್ಪಲಿ ಜಾರಿ, ಮೊಣಕಾಲು ಬಂಪರ್‌ಗೆ ಹೊಡೆದು ಹದಿನೈದು ದಿನ ಕುಂಟಿದೆ. ಮೆಣಸು ಕೊಯ್ಯುವ ಏಣಿಯನ್ನು ಗಾಡಿಗೆ ಒರಗಿಸುವುದೂ ಬೇಡ. ಬಾಗಿಲು ತೆಗೆದು ಫುಟ್‌ಬೋರ್ಡ್ ಮೇಲೆ ನಿಂತು, ಒಳಗಿನ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಿ. ಆ ಕಡೆಯಿಂದ ಅರ್ಧ, ಈ ಕಡೆಯಿಂದ ಅರ್ಧ. ಆದರೂ ನಡುವೆ ಒಂದು ಮೊಳ ಉಳಿಯುತ್ತದೆ. ಅದಕ್ಕೆ ಪೆಟ್ರೋಲ್ ಬಂಕ್‌ನಲ್ಲಿ ಇರುತ್ತದಲ್ಲ, ಒಂದು ಕಡೆ ಸ್ಪಂಜು, ಇನ್ನೊಂದು ಕಡೆ ರಬ್ಬರ್, ಉದ್ದ ಹಿಡಿ, ಅದನ್ನು ತರಿಸಿಕೊಳ್ಳಿ. ಸ್ಪಂಜಿನಲ್ಲಿ ಮರಳು ಕೂತಿದೆಯಾ ಅಂತ ಪ್ರತಿ ಸಲ ಹಿಂಡಿ ನೋಡಿ.

ಇನ್ನು ಗಾಜು. ಒಣ ಧೂಳಿನ ಮೇಲೆ ವೈಪರ್ ಹಾಕಲೇಬೇಡಿ. ಕೊಯ್ಲಿನ ಸಮಯದಲ್ಲಿ ಧೂಳು ಜಾಸ್ತಿ ಅಲ್ವಾ, ನಾನು ಒಂದು ಬೆಳಿಗ್ಗೆ ಸುಮ್ನೆ ವೈಪರ್ ಒತ್ತಿದೆ. ಕರ್ ಅಂತ ಒಂದು ಸದ್ದು. ಅವತ್ತಿನ ಗೀರು ಕಾಮನಬಿಲ್ಲಿನ ಹಾಗೆ ಇವತ್ತಿಗೂ ಇದೆ. ಹಗಲು ಕಾಣುವುದಿಲ್ಲ. ರಾತ್ರಿ ಎದುರಿನ ಗಾಡಿಯ ಲೈಟು ಬಿದ್ದರೆ ಅದೊಂದೇ ಕಾಣುವುದು. ಮೊದಲು ಒಂದು ಚೊಂಬು ನೀರು ಸುರಿಯಿರಿ, ಆಮೇಲೆ ಉಳಿದದ್ದು. ಅಂದ ಹಾಗೆ ವೈಪರ್ ಎತ್ತಿದಾಗ ಕೈ ಜಾರದಂತೆ ನೋಡಿಕೊಳ್ಳಿ. ಬ್ಲೇಡ್ ಬಿಚ್ಚಿಟ್ಟ ಕಡ್ಡಿ ಸ್ಪ್ರಿಂಗ್‌ನ ರಭಸಕ್ಕೆ ಬಂದು ಬಡಿದರೆ ಗಾಜೇ ಸೀಳುತ್ತದೆ.

ಮೊದಲ ಮಳೆ ಬಿದ್ದ ಸಂಜೆ ಬೇಲೂರು ರಸ್ತೆಯಲ್ಲಿ ಬಂದರೆ ಮಳೆಹುಳ ಗಾಜಿನ ಮೇಲೆ ಹಿಟ್ಟು ಮೆತ್ತಿದ ಹಾಗೆ ಕೂರುತ್ತವೆ. ಉಜ್ಜಿದಷ್ಟೂ ಜಿಡ್ಡು ಹರಡುತ್ತದೆ. ಹಳೇ ಪೇಪರನ್ನು ನೀರಿನಲ್ಲಿ ಅದ್ದಿ ಗಾಜಿಗೆ ಅಂಟಿಸಿ ಕಾಫಿ ಕುಡಿದು ಬನ್ನಿ. ಹತ್ತು ನಿಮಿಷ ಸಾಕು. ಪೇಪರ್ ಎಳೆದರೆ ಅರ್ಧ ಹುಳ ಅದರ ಜೊತೆಗೇ ಬರುತ್ತವೆ, ಮಿಕ್ಕಿದ್ದು ಬಟ್ಟೆಗೆ ಬರುತ್ತವೆ.

ಔಷಧಿ ಹೊಡೆಯುವ ಪಂಪಿನಲ್ಲೇ ಗಾಡಿ ತೊಳೆಯುವವರು ನಮ್ಮ ಕಡೆ ಬಹಳ. ನಾನೂ ಅವರಲ್ಲೊಬ್ಬ. ಒಳ್ಳೆ ಪ್ರೆಷರ್ ಬರುತ್ತದೆ, ತಪ್ಪಿಲ್ಲ. ಆದರೆ ಪೈಪಿನಲ್ಲಿ ಹಿಂದಿನ ದಿನದ ಬೋರ್ಡೋ ಉಳಿದಿದ್ದನ್ನು ನಾನು ನೋಡಿರಲಿಲ್ಲ. ಒಣಗಿದ ಮೇಲೆ ಗಾಜಿನ ತುಂಬ ತಿಳಿನೀಲಿ ಚುಕ್ಕಿ. ಮೈಲುತುತ್ತ, ಸುಣ್ಣ ಎರಡೂ ಇರುವ ನೀರಲ್ಲವೇ, ಸುಣ್ಣ ಗಟ್ಟಿಯಾಗಿ ಕೂತಿತ್ತು. ಸೋಪಿಗೆ ಬಗ್ಗಲಿಲ್ಲ. ಕೊನೆಗೆ ಅಡುಗೆಮನೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಒದ್ದೆ ಮಾಡಿ ಎರಡು ನಿಮಿಷ ಇಟ್ಟೆ. ಕರಗಿ ಬಂತು. ಕೂಡಲೇ ತುಂಬ ನೀರು ಹಾಕಿ ತೊಳೆಯಬೇಕು, ರಬ್ಬರ್ ಮೇಲೆ, ಪೇಂಟ್ ಮೇಲೆ ಬಿಡಬಾರದು. ಅದಕ್ಕೇ ಈಗ ಪಂಪಿಗೆ ಮೊದಲು ಎರಡು ಬಕೆಟ್ ಒಳ್ಳೆ ನೀರು ಓಡಿಸಿ, ಆಮೇಲೆ ಗಾಡಿ. ಕಳೆನಾಶಕ ಹೊಡೆದ ಪಂಪಾದರೆ ಗಾಡಿಯ ಹತ್ತಿರವೂ ತರಬೇಡಿ.

ಚಕ್ರದ ವಿಷಯದಲ್ಲಿ ನನ್ನ ದುಡ್ಡು ಹೋಗಿದೆ. ಎರಡು ವರ್ಷದ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ಎಪ್ಪತ್ತು ದಾಟಿದರೆ ಸ್ಟೇರಿಂಗ್ ಗಡಗಡ ನಡುಗತೊಡಗಿತು. ಬ್ಯಾಲೆನ್ಸಿಂಗ್ ಮಾಡಿಸಿದೆ. ಎರಡು ದಿನ ಸರಿ ಇತ್ತು, ಮತ್ತೆ ನಡುಗಿತು. ಬೇರೆ ಅಂಗಡಿಯಲ್ಲಿ ಮತ್ತೊಮ್ಮೆ ಮಾಡಿಸಿದೆ. ಅವನು ಚಕ್ರ ಬಿಚ್ಚಿ ಹಿಂಬದಿ ತೋರಿಸಿದ. ರಿಮ್ಮಿನ ಒಳಸುತ್ತಿನಲ್ಲಿ ಒಂದೇ ಕಡೆ ಅಂಗೈ ಅಗಲದ ಮಣ್ಣಿನ ಹೆಂಟೆ, ಎರಡು ಬೆರಳು ದಪ್ಪ. ಮೊದಲಿನ ಅಂಗಡಿಯಲ್ಲಿ ಮಣ್ಣಿನ ಸಮೇತ ತಿರುಗಿಸಿ, ಅದಕ್ಕೆ ಸರಿತೂಗುವ ಹಾಗೆ ಸೀಸ ಅಂಟಿಸಿ ಕಳಿಸಿದ್ದರು! ದಾರಿಯಲ್ಲಿ ಅರ್ಧ ಮಣ್ಣು ಉದುರಿದೆ, ಸೀಸ ಹಾಗೇ ಕೂತಿದೆ. ನಡುಗದೆ ಇನ್ನೇನಾಗುತ್ತದೆ?

ಹಾಗಾಗಿ ಅಕ್ಕಾ, ಹೊರಗಿನ ಹೊಳಪು ಆಮೇಲೆ. ರಿಮ್ಮಿನ ಸಂದಿಯಲ್ಲಿ ಕೈ ತೂರಿಸಿ ಒಳಗೆ ಸವರಿ ನೋಡಿ. ಹೆಂಟೆ ಸಿಕ್ಕರೆ ಸ್ಕ್ರೂಡ್ರೈವರ್‌ನಲ್ಲಿ ಕೆತ್ತಬೇಡಿ. ನೀರು ಹಾಯಿಸಿ ಕಾಲು ಗಂಟೆ ಬಿಡಿ, ಮತ್ತೊಮ್ಮೆ ಹಾಯಿಸಿ. ಮೆತ್ತಗಾದ ಮೇಲೆ ಕೈಯಲ್ಲೇ ಬರುತ್ತದೆ. ಗಾಡಿಯನ್ನು ಅರ್ಧ ಸುತ್ತು ಮುಂದೆ ತಂದು ನಿಲ್ಲಿಸಿದರೆ ಮೇಲಿದ್ದ ಭಾಗ ಕೆಳಗೆ ಬರುತ್ತದೆ. ಬ್ರಷ್‌ಗೆ ಹೊಸ ಟಾಯ್ಲೆಟ್ ಬ್ರಷ್ ಒಂದನ್ನು ಇಟ್ಟುಕೊಳ್ಳಿ, ಬಾಗಿದ ಹಿಡಿ ಇದ್ದರೆ ಇನ್ನೂ ಒಳ್ಳೆಯದು. ನಗಬೇಡಿ, ಇದಕ್ಕಿಂತ ಚೆನ್ನಾಗಿ ಒಳಗೆ ಹೋಗುವುದು ಯಾವುದೂ ಇಲ್ಲ. ಒಳಗೆ ಸಣ್ಣ ಬೂದುಬಣ್ಣದ ತುಂಡುಗಳು ಅಂಟಿಕೊಂಡಿದ್ದರೆ ಅವು ಬ್ಯಾಲೆನ್ಸಿಂಗ್ ತೂಕ, ಮಣ್ಣು ಅಂತ ಕಿತ್ತುಬಿಡಬೇಡಿ.

ಮಡ್‌ಗಾರ್ಡ್ ಒಳಗಿನ ಮಣ್ಣನ್ನೂ ಇಳಿಸಿ. ಒದ್ದೆ ಎಲೆ, ಮಣ್ಣು ಸೇರಿ ಅಲ್ಲೇ ಕೂತರೆ ತುಕ್ಕು ಹಿಡಿಯುವುದು ಅಲ್ಲಿಂದಲೇ. ಕೆಳಗೆ ನೇತಾಡುವ ಸ್ಟೆಪ್ನಿಯನ್ನೂ ಮರೆಯಬೇಡಿ. ಮಳೆಗಾಲದಲ್ಲಿ ಕೂರುವ ಮುಂಚೆ ಕಾಲಿಗೆ ಸ್ವಲ್ಪ ಸುಣ್ಣ ಹಚ್ಚಿಕೊಳ್ಳಿ, ಆ ಮಣ್ಣಿನ ಜೊತೆ ಇಂಬಳಗಳೂ ಇಳಿಯುತ್ತವೆ.

ಚಿಕ್ಕಮಗಳೂರಿನಿಂದ

ನಾನು ಡ್ರೈವರ್, ಗಿರಿಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುತ್ತೇನೆ. ಮೇಲಿನವರು ಎಲ್ಲ ಸರಿಯಾಗಿ ಹೇಳಿದ್ದಾರೆ, ಒಂದು ಬಿಟ್ಟರು. ಘಾಟಿ ಇಳಿದ ತಕ್ಷಣ ಚಕ್ರಕ್ಕೆ ನೀರು ಹಾಕಬೇಡಿ. ಮುಳ್ಳಯ್ಯನಗಿರಿಯಿಂದ ಕೈಮರಕ್ಕೆ ಇಳಿಯುವಷ್ಟರಲ್ಲಿ ಮುಂದಿನ ಬ್ರೇಕ್ ಡಿಸ್ಕ್ ಕಾದ ಕಾವಲಿ. ಅದರ ಮೇಲೆ ತಣ್ಣೀರು ಬಿದ್ದರೆ ಡಿಸ್ಕ್ ಸೊಟ್ಟಗಾಗಬಹುದು. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ಕಾಲಿಗೆ ಕುಣಿಯುತ್ತದೆ. ಮುಕ್ಕಾಲು ಗಂಟೆ ನಿಲ್ಲಿಸಿ, ಊಟ ಮಾಡಿ, ಆಮೇಲೆ ತೊಳೆಯಿರಿ. ಬಿಸಿಲಲ್ಲಿ ಕಾದ ಗಾಜಿಗೂ ಇದೇ ಮಾತು, ಅದರಲ್ಲೂ ಕಲ್ಲು ಬಡಿದು ಚುಕ್ಕೆ ಬಿದ್ದ ಗಾಜಾದರೆ.

ಮುಂದಿನ ಚಕ್ರ ಹಿಂದಿನದಕ್ಕಿಂತ ಕಪ್ಪಗಿರುವುದು ಬ್ರೇಕ್ ಪ್ಯಾಡಿನ ಪುಡಿಯಿಂದ. ಅದಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ. ಆ ಬಟ್ಟೆಯನ್ನು ಗಾಜಿಗೆ ಮುಟ್ಟಿಸಿದರೆ ಮುಗಿಯಿತು ಕಥೆ. ತೆಂಗಿನ ನಾರು ಟೈರ್‌ಗೆ ಸೈ, ಅಲಾಯ್‌ಗೆ ಬೇಡ. ಟೈರ್ ಕಪ್ಪಗೆ ಹೊಳೆಯಲಿ ಅಂತ ಡೀಸೆಲ್ ಹೊಡೆಯುತ್ತೇವೆ ಅಂದರೆ ಬೇಡ ಅನ್ನಿ. ರಬ್ಬರ್ ತಿಂದುಹಾಕುತ್ತದೆ.

ಅರಸೀಕೆರೆಯಿಂದ

ಮಲೆನಾಡಿನವರಿಗೆ ಹಳ್ಳದ ನೀರಿದೆ, ಪುಣ್ಯವಂತರು. ನಮ್ಮದು ಬೋರ್‌ವೆಲ್, ಗಡಸು ನೀರು. ತೊಳೆದು ಹಾಗೇ ಬಿಟ್ಟರೆ ಗಾಜಿನ ಮೇಲೆ ಬಿಳಿ ಉಂಗುರ ಉಂಗುರ. ನಾನು ಬೊಲೆರೊ ಪಿಕಪ್‌ನ್ನು ಬೆಳಿಗ್ಗೆ ಏಳರೊಳಗೆ ನೆರಳಲ್ಲಿ ತೊಳೆಯುತ್ತೇನೆ, ಗಾಜಿಗೆ ಕೊನೆಯ ಒಂದು ಬಕೆಟ್ ಮಾತ್ರ ಹಿಡಿದಿಟ್ಟ ಮಳೆನೀರು. ಒಣಗುವ ಮುಂಚೆ ಒರೆಸುತ್ತೇನೆ. ವೈಪರ್ ನೀರಿನ ಡಬ್ಬಕ್ಕೂ ಅದೇ ಮಳೆನೀರು, ಸೋಸಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಕೇಳುತ್ತೇನೆ. ಹೊರಗೆ ತೊಳೆದರೂ ರಾತ್ರಿ ಮಸುಕು ಮಸುಕು. ಶಿರಾಡಿಯಲ್ಲಿ ಮಳೆ ಬಂದರೆ ಏನೂ ಕಾಣುವುದಿಲ್ಲ.

ಮೂಡಿಗೆರೆಯಿಂದ

ಅದು ಒಳಗಿನದು ಅಕ್ಕಾ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಕಾದು ಗಾಜಿನ ಒಳಮೈಗೆ ತೆಳು ಜಿಡ್ಡು ಕೂರುತ್ತದೆ. ಹಿಂದಿನ ಓನರ್ ಬೀಡಿ ಸಿಗರೇಟು ಸೇದುತ್ತಿದ್ದರೆ ಕೇಳುವುದೇ ಬೇಡ. ಬೆರಳಿಂದ ಗೀಚಿ ನೋಡಿ, ಗೆರೆ ಬೀಳುತ್ತದೆ. ಮೈಕ್ರೋಫೈಬರ್ ಬಟ್ಟೆ ಸ್ವಲ್ಪ ಒದ್ದೆ ಮಾಡಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಇನ್ನೊಮ್ಮೆ. ಕೆಳಗಿನ ಮೂಲೆಗೆ ಕೈ ಹೋಗದಿದ್ದರೆ ಅಂಗೈ ಬದಲು ಕೈ ಹಿಂಬದಿಯಿಂದ ಒತ್ತಿ. ಹಬೆ ಕಟ್ಟಿದರೆ ಎ.ಸಿ. ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಬರುವ ಬಟನ್ ಒತ್ತಿ.

ಕೇಳಿದವರು

ಗೀಚಿದೆ, ಗೆರೆ ಬಿತ್ತು. ಇವತ್ತು ಹಿಂದಿನ ಎಡಗಡೆ ಚಕ್ರ ಒಂದನ್ನೇ ತೊಳೆದೆ, ಅಷ್ಟಕ್ಕೇ ಸೊಂಟ ಹೋಯಿತು. ಅರ್ಧ ಬಕೆಟ್ ಮಣ್ಣು, ಮೂರು ಇಂಬಳ. ನಮ್ಮ ಯಜಮಾನರು ಮೆಟ್ಟಿಲ ಮೇಲೆ ಕೂತು ಟಾಯ್ಲೆಟ್ ಬ್ರಷ್ ನೋಡಿ ನಗುತ್ತಿದ್ದರು. ಉಳಿದ ಮೂರು ಚಕ್ರ ಭಾನುವಾರ ಅವರಿಗೇ.