ಕಾರಿನ ಎಂಐಡಿ (ಡ್ಯಾಶ್‌ಬೋರ್ಡಿನ ಮಾಹಿತಿ ಪರದೆ) ಮೈಲೇಜ್ 14.6 ಅನ್ನುತ್ತೆ, ಲೆಕ್ಕ ಹಾಕಿದ್ರೆ ಒಮ್ಮೆ 16, ಒಮ್ಮೆ 9.5: ಯಾವುದನ್ನ ನಂಬೋದು?

ಬಿಳಿ_ಹ್ಯಾಚ್:
1.2 ಪೆಟ್ರೋಲ್, ಮ್ಯಾನ್ಯುಯಲ್. ದಿನಾ ಮಾರತಹಳ್ಳಿ–ಸಿಲ್ಕ್ ಬೋರ್ಡ್ ಓಡಾಟ, ಎಸಿ ಆನ್. ಬಂಕ್ ಬಿಲ್ ನೋಡಿ ಬರೆದಿಟ್ಟಿದ್ದು ಇದು (ರೇಟು ಪ್ರತಿ ಸಲವೂ ಲೀಟರಿಗೆ 102.88):

ಓಡೊ (ಒಟ್ಟು ಓಡಿದ ಕಿ.ಮೀ.) 21,340: ಫುಲ್ ಟ್ಯಾಂಕ್, ಗನ್ ತಾನಾಗೇ ಕಟ್ ಆಯ್ತು
21,498: ಸಾವಿರ ರೂಪಾಯಿಗೆ 9.72 ಲೀಟರ್. ಮೈಲೇಜ್ 16.3
21,702: ಫುಲ್, 21.38 ಲೀಟರ್. ಮೈಲೇಜ್ 9.5
21,985: ಫುಲ್, 18.90 ಲೀಟರ್. ಮೈಲೇಜ್ 15.0

ಮೂರರ ಸರಾಸರಿ 13.6. ಎಂಐಡಿ ಮಾತ್ರ 14.6 ತೋರಿಸ್ತಿದೆ. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಕ್ಲೀನ್ ಮಾಡಿಸಿ ಅಂತ ಸರ್ವಿಸ್‌ನವರು ಹೇಳ್ತಿದಾರೆ. ಮಾಡಿಸ್ಲಾ?

ಫುಲ್_ಟು_ಫುಲ್:
ಸದ್ಯಕ್ಕೆ ಇಂಜೆಕ್ಟರ್ ತಂಟೆಗೆ ಹೋಗಬೇಡಿ ಸರ್. ನಿಮ್ಮ ಲೆಕ್ಕದಲ್ಲೇ ಮೂರು ತಪ್ಪಿದೆ.

ಮೊದಲನೆಯದು ಆ ಸಾವಿರ ರೂಪಾಯಿ. 158 ಕಿ.ಮೀ. ಓಡಿದ್ದಕ್ಕೆ 9.72 ಲೀಟರ್ ಖರ್ಚಾಯಿತು ಎಂದು ಹೇಳೋಕೆ ಆಧಾರವೇ ಇಲ್ಲ. ನೀವು ಹಾಕಿಸಿದ್ದು ಅಷ್ಟು, ಖರ್ಚಾಗಿದ್ದು ಎಷ್ಟೋ. ಟ್ಯಾಂಕ್ ತುಂಬದ ಸಲ ಮೈಲೇಜ್ ಬರೆಯಲೇಬೇಡಿ, ಲೀಟರ್ ಮಾತ್ರ ಬರೆದು ಮುಂದಿನ ಫುಲ್‌ಗೆ ಸೇರಿಸಿ. 21,340ರಿಂದ 21,702ಕ್ಕೆ 362 ಕಿ.ಮೀ., 9.72 + 21.38 = 31.10 ಲೀಟರ್. ಅಂದರೆ 11.6. ಆ 16.3 ಮತ್ತು 9.5 ಎರಡೂ ಇಲ್ಲದ ಸಂಖ್ಯೆಗಳು.

ಎರಡನೆಯದು ಆ 21.38 ಲೀಟರ್. 102.88ರಿಂದ ಗುಣಿಸಿ ನೋಡಿ, ₹2,200ಕ್ಕೆ ಬಂದು ನಿಲ್ಲುತ್ತೆ. ಗನ್ ತಾನಾಗಿ ನಿಂತಾಗ ಹೀಗೆ ದುಂಡು ಮೊತ್ತ ಬರೋದು ಅಪರೂಪ. 18.90 ಲೀಟರಿಗೆ ₹1,944.43 ಆಗುತ್ತೆ ನೋಡಿ, ತಾನಾಗಿ ಕಟ್ ಆದರೆ ಬಿಲ್ ಇಂಥ ಚಿಲ್ಲರೆಯಲ್ಲೇ ಬರೋದು. ಬಂಕಿನ ಹುಡುಗ ಕಟ್ ಆದ ಮೇಲೂ ಒತ್ತಿ ರೌಂಡ್ ಫಿಗರ್ ಮಾಡಿದಾನೆ. ಹಾಗೆ ಒಂದೂವರೆ ಲೀಟರ್ ಹೆಚ್ಚು ಹೋಗಿದ್ದರೆ ಆ ಸಲದ ಮೈಲೇಜ್ ಕಮ್ಮಿ ಕಾಣುತ್ತೆ, ಮುಂದಿನ ಸಲದ್ದು ಹೆಚ್ಚು ಕಾಣುತ್ತೆ. ನಿಮಗೆ 11.6 ಆದ ಮೇಲೆ 15.0 ಬಂದಿದ್ದರಲ್ಲಿ ಇದರ ಪಾಲೂ ಇರಬೇಕು.

ಮೂರನೆಯದು ಸರಾಸರಿ. ಮೈಲೇಜ್‌ಗಳನ್ನ ಕೂಡಿ ಭಾಗಿಸಬಾರದು. 300 ಕಿ.ಮೀ. 15ರಂತೆ ಓಡಿದರೆ 20 ಲೀಟರ್, ಇನ್ನೊಂದು 300 ಕಿ.ಮೀ. 10ರಂತೆ ಓಡಿದರೆ 30 ಲೀಟರ್. 600ಕ್ಕೆ 50, ಅಂದರೆ 12, 12.5 ಅಲ್ಲ. ಒಟ್ಟು ಕಿಲೋಮೀಟರನ್ನ ಒಟ್ಟು ಲೀಟರಿನಿಂದ ಭಾಗಿಸೋದೊಂದೇ ದಾರಿ.

ನಿಮ್ಮದಕ್ಕೆ ಹಾಕಿದರೆ 645 ÷ 50.00 = 12.9. ಮೊದಲ ಫುಲ್ಲೂ ಕೊನೆಯ ಫುಲ್ಲೂ ಎರಡೂ ಆಟೊ ಕಟ್‌ಗೇ ನಿಂತಿರೋದರಿಂದ ನಡುವೆ ಅವನು ಒತ್ತಿದ್ದು ಒಟ್ಟು ಲೆಕ್ಕವನ್ನ ಕೆಡಿಸಲ್ಲ. ಒಂದೇ ಫಿಲ್ಲಿಂಗ್‌ನಲ್ಲಿ ಒಂದು ಲೀಟರ್ ಆಚೀಚೆ ಆದರೆ 10 ಲೀಟರಿಗೆ ಹತ್ತು ಪರ್ಸೆಂಟ್ ತಪ್ಪು. 150 ಲೀಟರ್ ಕೂಡಿದ ಮೇಲೆ ಅದೇ ಒಂದು ಲೀಟರ್ ಒಂದು ಪರ್ಸೆಂಟೂ ಅಲ್ಲ. ನಾಲ್ಕೈದು ಟ್ಯಾಂಕ್ ಆಗೋವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಇನ್ನು ಮುಂದೆ ಅದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ಗಾಡಿ ಸಮತಟ್ಟಾಗಿ ನಿಂತಿರಲಿ. ಗನ್ ಪೂರ್ತಿ ಒಳಗೆ ಹೋಗಲಿ. ಮೊದಲ ಕಟ್‌ಗೇ ಬಿಲ್ ಕೇಳಿ. ಕಟ್ ಆದ ಮೇಲೂ ತುಂಬಿಸುತ್ತಿದ್ದರೆ ಆವಿ ಹೀರೋ ಇದ್ದಿಲಿನ ಡಬ್ಬಕ್ಕೆ ಪೆಟ್ರೋಲೇ ನುಗ್ಗುತ್ತೆ. ಅದು ಹಾಳಾದರೆ ಚೆಕ್ ಇಂಜಿನ್ ಲೈಟ್ ನೋಡ್ಬೇಕಾಗುತ್ತೆ.

ನಾಲ್ಕನೇ_ಗೇರ್:
12.9 ಒಪ್ಪಿದರೂ ಎಂಐಡಿ 14.6, ಅಂದರೆ 13 ಪರ್ಸೆಂಟ್ ಜಾಸ್ತಿ. ಟಯರ್ ಬದಲಾಯಿಸಿದೀರಾ? ದೊಡ್ಡ ಟಯರ್ ಹಾಕಿದ್ರೆ ಹೀಗಾಗುತ್ತೆ.

ಬಿಳಿ_ಹ್ಯಾಚ್:
ಹೌದು, 185/65 ಆರ್15 ಇತ್ತು, ಈಗ 195/65 ಆರ್15.

ಫುಲ್_ಟು_ಫುಲ್:
ಟಯರ್ ಇದಕ್ಕೆ ಕಾರಣ ಆಗಲ್ಲ ಗುರುವೇ. ಹಳೇ ಟಯರ್ ವ್ಯಾಸ 621.5 ಮಿ.ಮೀ., ಹೊಸದು 634.5. ಚಕ್ರ ಒಂದು ಸುತ್ತಿಗೆ 2.1 ಪರ್ಸೆಂಟ್ ಹೆಚ್ಚು ದೂರ ಹೋಗುತ್ತೆ, ಮೀಟರಿಗೆ ಅದು ಗೊತ್ತಾಗಲ್ಲ. ಆದರೆ ಓಡೊ, ಎಂಐಡಿ ಎರಡೂ ದೂರ ಎಣಿಸೋದು ಅದೇ ಚಕ್ರದ ಸುತ್ತಿನಿಂದ. ಎರಡೂ ಒಂದೇ ಸಮ ಕಮ್ಮಿ ತೋರಿಸುತ್ತವೆ, ನಡುವಿನ ಅಂತರ ಹಾಗೇ ಉಳಿಯುತ್ತೆ. ನಿಜವಾದ ಮೈಲೇಜ್ ಬೇಕಾದರೆ ನಿಮ್ಮ ಲೆಕ್ಕವನ್ನ 1.021ರಿಂದ ಗುಣಿಸಿ. ಅನುಮಾನ ಇದ್ದರೆ ತುಮಕೂರು ರಸ್ತೆಯಲ್ಲಿ 50 ಕಿ.ಮೀ. ಹೋಗಿ ಫೋನಿನ ಜಿಪಿಎಸ್ ದೂರದ ಜೊತೆ ತಾಳೆ ನೋಡಿ.

ಎಂಐಡಿ ಪೆಟ್ರೋಲನ್ನ ಅಳೆಯೋದಿಲ್ಲ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದರಿಂದ ಅಂದಾಜು ಮಾಡುತ್ತೆ. ಐದಾರು ಪರ್ಸೆಂಟ್ ಹೊಗಳಿಕೊಳ್ಳೋದು ಅದಕ್ಕೆ ಮಾಮೂಲು. 13 ಮಾತ್ರ ಜಾಸ್ತಿಯಾಯ್ತು. ಆ 14.6 ಯಾವಾಗಿನಿಂದ ಎಣಿಸಿದ್ದು? ರಿಸೆಟ್ ಮಾಡಿದ್ದು ಯಾವತ್ತು?

ಬಿಳಿ_ಹ್ಯಾಚ್:
ಮಾಡೇ ಇಲ್ಲ. ಅದರಲ್ಲಿ ಒಂದು ಮೈಸೂರು ಟ್ರಿಪ್ಪೂ ಸೇರಿದೆ.

ಫುಲ್_ಟು_ಫುಲ್:
ಹಾಗಾದ್ರೆ ಹೈವೇ ಸೇರಿದ ಸರಾಸರಿಯನ್ನ ಸಿಟಿ ಟ್ಯಾಂಕ್ ಜೊತೆ ಹೋಲಿಸ್ತಿದ್ದೀರಿ. ಫುಲ್ ಮಾಡಿಸಿದ ತಕ್ಷಣ, ಬಂಕಿನಲ್ಲೇ, ಟ್ರಿಪ್ ಮೀಟರ್ ಮತ್ತು ಆವರೇಜ್ ಎರಡನ್ನೂ ಝೀರೊ ಮಾಡಿ. ಕೆಲವು ಗಾಡಿಗಳಲ್ಲಿ ಎರಡಕ್ಕೂ ಬೇರೆ ಬೇರೆ ಒತ್ತಬೇಕು.

ಬಿಳಿ_ಹ್ಯಾಚ್:
ಮಾಡಿದೆ. 325 ಕಿ.ಮೀ., ಆಟೊ ಕಟ್‌ಗೆ 24.80 ಲೀಟರ್, 13.1. ಎಂಐಡಿ 13.9. ಆರು ಪರ್ಸೆಂಟ್‌ಗೆ ಇಳೀತು. ಆದರೂ 13 ಅನ್ನೋದೇ ಕಮ್ಮಿ ಅಲ್ವಾ? ಬಂಕಲ್ಲೇ ಅಳತೆ ಕಮ್ಮಿ ಇರಬಹುದಾ?

ಸ್ಪ್ಯಾನರ್_12:
ಅದನ್ನ ಅಲ್ಲೇ ಪರೀಕ್ಷೆ ಮಾಡಿಸಬಹುದು. ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಲೇಬೇಕು, ಗ್ರಾಹಕರು ಕೇಳಿದರೆ ಹಿಡಿದು ತೋರಿಸಬೇಕು. 5 ಲೀಟರಿಗೆ 25 ಮಿ.ಲೀ.ಗಿಂತ ಹೆಚ್ಚು ಕಮ್ಮಿ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ. ಆದರೆ 25 ಮಿ.ಲೀ. ಅಂದರೆ ಅರ್ಧ ಪರ್ಸೆಂಟ್. ಅಷ್ಟರಿಂದ ನಿಮ್ಮ 13 ಏನೂ 15 ಆಗಲ್ಲ.

ನಿಮ್ಮ ದಾರಿಯನ್ನೇ ಲೆಕ್ಕ ಹಾಕಿ. ಹೋಗಿ ಬರೋದು 24 ಕಿ.ಮೀ. ಅಂತಿಟ್ಟುಕೊಳ್ಳಿ, ಗಾಡಿ ಚಲಿಸುವಾಗ 16 ಕೊಡುತ್ತೆ ಅಂದ್ಕೊಂಡ್ರೂ 1.5 ಲೀಟರ್. ಎಸಿ ಹಾಕಿಕೊಂಡು ನಿಂತಲ್ಲೇ ಇದ್ದರೆ ಇಂಥ ಇಂಜಿನ್ ಗಂಟೆಗೆ ಸುಮಾರು 0.9 ಲೀಟರ್ ಕುಡಿಯುತ್ತೆ. ಸಿಗ್ನಲ್, ಜಾಮ್ ಸೇರಿ 40 ನಿಮಿಷ ನಿಂತರೆ 0.6. ಒಟ್ಟು 2.1 ಲೀಟರ್, ಮೈಲೇಜ್ 11.4. ಗಾಡಿಯಲ್ಲಿ ಒಂದು ದೋಷವೂ ಇಲ್ಲದೇನೇ ಇದು. ಎಆರ್‌ಎಐ (ಕಂಪನಿ ಹೇಳೋ ಅಧಿಕೃತ ಮೈಲೇಜ್) ಸಂಖ್ಯೆಗೆ ಹೋಲಿಸಬೇಡಿ, ಅದು ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ತೆಗೆದದ್ದು.

ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲಿನ ಪಾಲೂ ಇದೆ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಮ್ಮಿ. ಇ10ರಿಂದ ಇ20ಕ್ಕೆ ಬಂದಾಗ ಬರೀ ಶಕ್ತಿಯ ಲೆಕ್ಕದಲ್ಲೇ ಮೂರೂವರೆ ಪರ್ಸೆಂಟ್ ಹೋಗುತ್ತೆ.

ಇಷ್ಟಾದ ಮೇಲೂ ಸಂಶಯ ಉಳಿದರೆ ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ. ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ, ಟಯರ್ ತಣ್ಣಗಿದ್ದಾಗ ಗಾಳಿ ನೋಡಿ. ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಎಷ್ಟಿರಬೇಕು ಅಂತ ಇರುತ್ತೆ. ಆಮೇಲೆ ಹತ್ತು ಕಿ.ಮೀ. ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಡಿಸ್ಕ್ ಸುಡುತ್ತೆ. ಒಂದೇ ಚಕ್ರ ಮಾತ್ರ ಕಾವು ಬೀರುತ್ತಿದ್ದರೆ ಅಲ್ಲಿ ಬ್ರೇಕಿನ ಕ್ಯಾಲಿಪರ್ ಬಿಡದೆ ಹಿಡಿದುಕೊಂಡಿದೆ. ಕೊನೆಗೆ ಗಾಡಿಯ ಕಂಪ್ಯೂಟರ್ ಓದೋ ಬ್ಲೂಟೂತ್ ಒಬಿಡಿ ಸ್ಕ್ಯಾನರ್. ಅರ್ಧ ಗಂಟೆ ಓಡಿದ ಮೇಲೂ ಕೂಲೆಂಟ್ 70 ಡಿಗ್ರಿ ದಾಟದಿದ್ದರೆ ಥರ್ಮೋಸ್ಟಾಟ್ (ಕೂಲೆಂಟ್ ಹರಿವು ತಡೆಯೋ ವಾಲ್ವ್) ತೆರೆದೇ ಕೂತಿದೆ, ಇಂಜಿನ್ ತಣ್ಣಗಿದ್ದಂತೆ ಪೆಟ್ರೋಲ್ ಸುರೀತಾನೇ ಇರುತ್ತೆ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಂಜಿನ್ ಕಂಪ್ಯೂಟರ್ ಪೆಟ್ರೋಲನ್ನ ಎಷ್ಟು ಪರ್ಸೆಂಟ್ ಹೆಚ್ಚು-ಕಮ್ಮಿ ಮಾಡ್ತಿದೆ ಅನ್ನೋದು) ಪ್ಲಸ್ ಹತ್ತೋ ಮೈನಸ್ ಹತ್ತೋ ದಾಟಿದ್ದರೆ ಆಗ ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್ ಮಾತಾಡೋಣ.

ಬಿಳಿ_ಹ್ಯಾಚ್:
ಮುಂದಿನ ಎಡ ಟಯರ್ 25 ಪಿಎಸ್‌ಐ, ಸ್ಟಿಕರ್‌ನಲ್ಲಿ 33. ಮೊಳೆ ಸಿಕ್ಕಿತ್ತು, ಪಂಕ್ಚರ್ ಹಾಕಿಸಿದೆ. ಚಕ್ರ ಯಾವುದೂ ಬಿಸಿ ಇಲ್ಲ. ಸ್ಕ್ಯಾನರ್‌ನಲ್ಲಿ ಕೂಲೆಂಟ್ 88, ಟ್ರಿಮ್ ಪ್ಲಸ್ 3. ಇಂಜೆಕ್ಟರ್ ಕ್ಲೀನಿಂಗ್ ಬೇಡ ಅಂತ ಹೇಳ್ಬಿಟ್ಟೆ. ಮೀಟರ್ ಮತ್ತೆ ಝೀರೊ ಮಾಡಿದೀನಿ, ಇನ್ನೂ ಮೂರು ಟ್ಯಾಂಕ್ ಆದ್ಮೇಲೆ ಒಟ್ಟು ಲೆಕ್ಕ ಹಾಕ್ತೀನಿ.